ಇಲಿಯಾಸ್ ನಿಂತ ಮಣೆ

ನಾನು ಹಲಸಿನ ಮರದ ಒಂದು ಮಣೆ. ತಿಪಟೂರಿನ ಬಡಗಿಯೊಬ್ಬರು ನನ್ನನ್ನು ಉಜ್ಜಿ ಉಜ್ಜಿ ನುಣುಪು ಮಾಡಿದರು. ಪಂಕಜಮ್ಮ ಮದುಮಗಳಾಗಿ ಕುಳಿತದ್ದು ನನ್ನ ಮೇಲೆಯೇ. ಅವರ ಜೊತೆಗೇ ಈ ಮನೆಗೆ ಬಂದೆ.

ಊಟದ ಮೇಜು ಬಂದ ಮೇಲೆ ನನಗೆ ಬಿಡುವು. ಆದರೆ ಎಲೆಕ್ಟ್ರಿಷಿಯನ್ ಇಲಿಯಾಸ್ ಬಂದಾಗಲೆಲ್ಲ ಪಂಕಜಮ್ಮ ನನ್ನನ್ನು ಅವನ ಕಾಲಡಿ ಇಡುತ್ತಿದ್ದರು.

"ಮರದ ಮೇಲೆ ನಿಂತ್ಕೊಳಪ್ಪ, ಮನೇಲಿ ನಿಮ್ಮಮ್ಮ ಕಾಯ್ತಿರ್ತಾಳೆ."

ಅವನಿಗೊಂದು ಅಭ್ಯಾಸವಿತ್ತು. ಮಾಡಿದ ರಿಪೇರಿಯನ್ನೆಲ್ಲ ಮೀಟರ್ ಪೆಟ್ಟಿಗೆಯ ಬಾಗಿಲ ಒಳಮೈಯಲ್ಲಿ ಪೆನ್ಸಿಲಿನಿಂದ ಬರೆದಿಡುತ್ತಿದ್ದ.

ಮಗಳು ನಳಿನಿ ಹೆರಿಗೆಗೆ ಬಂದ ವರ್ಷ, ಗ್ರೈಂಡರ್ ಮುಟ್ಟಿದರೆ ಪಂಕಜಮ್ಮನ ಕೈ ಜುಮ್ಮೆನ್ನತೊಡಗಿತು. ಬಸುರಿ ಮಗಳು ಅದರ ಹತ್ತಿರ ಸುಳಿದರೆ ಅವರ ಜೀವವೇ ಹಾರಿಹೋಗುತ್ತಿತ್ತು. ಯಜಮಾನರು ನಂಜುಂಡಯ್ಯ ನಕ್ಕರು. "ನಿನ್ನ ಕಂಡ್ರೆ ಗ್ರೈಂಡರಿಗೂ ಕೋಪ ಕಣೇ!"

ಇಲಿಯಾಸ್ ಬಂದ. ನನ್ನ ಮೇಲೆ ನಿಂತು, ಗ್ರೈಂಡರ್ ಹಾಕಿ, ಅದರ ಮೈಮೇಲೆಲ್ಲ ಟೆಸ್ಟರ್ ಇಟ್ಟು ನೋಡಿದ. ಹಗಲು ಬೆಳಕಿನಲ್ಲಿ ಟೆಸ್ಟರಿನ ದೀಪ ಕಾಣಲಿಲ್ಲ. ಬರಿಗೈಯಿಂದಲೂ ಮುಟ್ಟಿದ.

"ಏನೂ ಇಲ್ಲ ಕಣಮ್ಮ." ಪೆಟ್ಟಿಗೆಯ ಬಾಗಿಲಲ್ಲಿ ಬರೆದ: 'ಗ್ರೈಂಡರ್ ಸರಿ ಇದೆ.'

ಪಂಕಜಮ್ಮ ಕಾಫಿ ಬೆರೆಸಿದರು. ಕೆಲಸಕ್ಕೆ ಬಂದವರು ನಿಂತು ಕಾಫಿ ಕುಡಿಯುವುದು ಅವರಿಗೆ ಸೇರದು. ಎಂದಿನಂತೆ ನನ್ನನ್ನೆತ್ತಿ ನಡುಮನೆಯಲ್ಲಿ ಹಾಕಿದರು. ಇಲಿಯಾಸ್ ಕುಳಿತು ಕಾಫಿ ಕುಡಿದ. ಗ್ರೈಂಡರ್ ಮೇಲೆ ಮರೆತ ಟೆಸ್ಟರ್ ನೆನಪಾಗಿ, ಬರಿಗಾಲಲ್ಲಿ ಅಡುಗೆಮನೆಗೆ ಹೋದ. ಅಕ್ಕಿ ತೊಳೆದ ನೀರಿನಿಂದ ನೆಲ ಒದ್ದೆಯಾಗಿತ್ತು.

"ಅಯ್ಯಯ್ಯೋ!"

ಎಲ್ಲರೂ ಓಡಿದರು. ಅವನು ಕೈ ಕೊಡವುತ್ತ ನಿಂತಿದ್ದ.

"ತಪ್ಪು ನಂದೇ ಅಮ್ಮ. ಮರದ ಮೇಲೆ ನಿಂತಿದ್ದಕ್ಕೆ ನಂಗೆ ಗೊತ್ತಾಗಲಿಲ್ಲ. ನೀವು ದಿನಾ ನೆಲದ ಮೇಲೇ ನಿಲ್ತೀರಲ್ಲ."

ಶಾಕ್ ಹೊಡೆಯದಂತೆ ಅವನನ್ನು ಕಾಯುತ್ತಿದ್ದೇನೆಂದು ಬೀಗುತ್ತಿದ್ದವನು ನಾನು. ಆ ಹೊತ್ತು ಪಂಕಜಮ್ಮನ ಮಾತನ್ನು ಸುಳ್ಳು ಮಾಡಿದವನೂ ನಾನೇ.

ಗ್ರೈಂಡರಿನ ಒಳಗೆ ವೈರ್ ಸವೆದಿತ್ತು, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತ್ ತಂತಿ ಕಡಿದಿತ್ತು. ಎರಡನ್ನೂ ಹೊಸದಾಗಿ ಹಾಕಿ, ಈ ಸಲ ನನ್ನನ್ನು ಬದಿಗಿಟ್ಟು, ನೆಲದ ಮೇಲೆಯೇ ನಿಂತು ಪರೀಕ್ಷಿಸಿದ. ಆಮೇಲೆ ಹಳೆಯ ಸಾಲು ಹೊಡೆದುಹಾಕಿ ಬರೆದ: 'ಅಮ್ಮ ಹೇಳಿದ್ದೇ ನಿಜ. ಗ್ರೈಂಡರಿಗೆ ಅರ್ತ್ ಹಾಕಿದೆ.' ಅಂದಿನ ಎರಡನೆಯ ಕಾಫಿಯನ್ನು ಯಜಮಾನರೇ ಮಾಡಿ ತಂದರು, ಹೆಂಡತಿಗೂ ಒಂದು ಲೋಟ.

ಈಗ ನನ್ನ ಒಂದು ಕಾಲು ಮುರಿದಿದೆ. ಮೀಟರ್ ಪೆಟ್ಟಿಗೆಯ ಕೆಳಗಿನ ಮೂಲೆಯಲ್ಲಿ ಒರಗಿದ್ದೇನೆ. ರಿಪೇರಿಗೆ ಹೊಸಬರು ಬಂದು ಬಾಗಿಲು ತೆಗೆದು ಆ ಸಾಲು ಓದುತ್ತಾರೆ, ನಗುತ್ತಾರೆ. ಆಮೇಲೆ ಟೆಸ್ಟರ್ ಜೇಬಿನಲ್ಲೇ ಇಟ್ಟುಕೊಂಡು, ಮೊದಲು ಕೇಳುತ್ತಾರೆ:

"ಅಮ್ಮಾ, ಏನಾಗ್ತಿದೆ ಅಂತ ನೀವೇ ಹೇಳಿ."