ಚಂದ್ರನಿಂದ ಇಳಿದು ಬಂದ ಶೌಕತ್

ಅಪ್ಪ ವಗ್ದಿ ಒಂದು ಕಾಲದಲ್ಲಿ ಕೈರೋದ ಸ್ಟುಡಿಯೋಗಳಿಗೆ, ತೆಗೆಯಲಿರುವ ಸಿನಿಮಾದ ದೃಶ್ಯಗಳನ್ನು ಕಾಗದದ ಮೇಲೆ ಚಿತ್ರವಾಗಿ ಬರೆದುಕೊಡುತ್ತಿದ್ದ. ಸಾವಿರದ ಒಂಬೈನೂರ ಎಪ್ಪತ್ತೊಂದರಲ್ಲಿ ಚಂದ್ರಲೋಕದ ಸಿನಿಮಾವೊಂದಕ್ಕೆ ಅರವತ್ತು ದೃಶ್ಯಗಳನ್ನು ಬರೆದ. ಅಂಗಳದಲ್ಲಿ ಅಮ್ಮನ ಪಕ್ಕ ಕೂತ ಹುಡುಗ ಎದ್ದು ರಾಕೆಟ್ ಹತ್ತುತ್ತಾನೆ. ಕೊನೆಯ ಚಿತ್ರದಲ್ಲಿ ಬರೀ ಕಪ್ಪು ಆಕಾಶ. ಹುಡುಗನಿಗೆ ಮಾದರಿ ನನ್ನಣ್ಣ ಶೌಕತ್. ಕಾಳು ಬೇಯಿಸುವ ತಾಮ್ರದ ಪಾತ್ರೆಯನ್ನು ತಲೆಗೆ ಕವುಚಿಕೊಂಡು ನಿಂತಿದ್ದ. ಅಮ್ಮ ನಕ್ಕು ನಕ್ಕು ಸುಸ್ತಾಗಿದ್ದಳು.

ಸಿನಿಮಾ ಆಗಲಿಲ್ಲ, ಚಿತ್ರಗಳ ಪುಸ್ತಕವನ್ನು ನಿರ್ಮಾಪಕ ಒಯ್ದ. ಎರಡು ವರ್ಷದ ಮೇಲೆ ಸಿನಾಯಿಯ ಯುದ್ಧಕ್ಕೆ ಹೋದ ಶೌಕತ್ ಬರಲಿಲ್ಲ. ಹೆಣವೂ ಬರಲಿಲ್ಲ.

"ನೀನು ಬರ್ದೆ, ಹಂಗೇ ಆಯ್ತು," ಅಂದಳು ಅಮ್ಮ. ಆಮೇಲೆ ನಲವತ್ತು ವರ್ಷ ಅಪ್ಪನಿಗೆ ಊಟ ಬಡಿಸಿದಳು, ಮುಖ ಕೊಟ್ಟು ಮಾತಾಡಲಿಲ್ಲ.

ನಾನು ಶಾಲಾ ಶಿಕ್ಷಕಿ. ತಪ್ಪು ಕಂಡರೆ ಕೈ ಸುಮ್ಮನಿರುವುದಿಲ್ಲ. ಹಳೆಯ ವೈಜ್ಞಾನಿಕ ಸಿನಿಮಾಗಳ ಕಾಗದಪತ್ರ ಕೂಡಿಟ್ಟ ವಿದೇಶಿ ಜಾಲತಾಣವೊಂದರಲ್ಲಿ ಆ ಚಿತ್ರಗಳು ಸಿಕ್ಕಾಗ ಕುಣಿದಾಡಿದೆ, ಮರುಕ್ಷಣವೇ ಮೈಯೆಲ್ಲ ಉರಿಯಿತು. ನಮ್ಮ ಅರಬ್ಬಿ ಪುಸ್ತಕವನ್ನು ಬಲದಿಂದ ತೆರೆಯಬೇಕು. ಆ ಜಾಣರು ಎಡದಿಂದ ತೆರೆದು, ಕೊನೆಯದನ್ನೇ ಮೊದಲು ಮಾಡಿ ಅಷ್ಟನ್ನೂ ತಿರುವುಮುರುವಾಗಿ ಏರಿಸಿದ್ದರು. ಅಪ್ಪನಿಗೆ ಹೇಳಿದೆ. ಅವನೆದುರಿಗೇ, ಸರಿಪಡಿಸಿ ಎಂದು ಜಾಲತಾಣದವರಿಗೆ ಖಾರವಾಗಿ ಪತ್ರ ಕಳಿಸಿದೆ.

ಮರುದಿನ ಬೆಳಿಗ್ಗೆ ನಾನು ರೊಟ್ಟಿ ತರುವಷ್ಟರಲ್ಲಿ ಆ ಚಿತ್ರಗಳನ್ನು ತೆರೆದಿಟ್ಟಿದ್ದ ನನ್ನ ಟ್ಯಾಬ್ಲೆಟ್ ಅಮ್ಮನ ಮಡಿಲಲ್ಲಿತ್ತು. ಕಪ್ಪು ಆಕಾಶದಿಂದ ಶುರುವಾಗಿ, ರಾಕೆಟ್ ಇಳಿದು, ಹುಡುಗ ಅಂಗಳಕ್ಕೆ ಬಂದು ಅಮ್ಮನ ಪಕ್ಕ ಕೂರುವವರೆಗೂ ನೋಡಿದ್ದಳು.

"ಶೌಕತನಪ್ಪಾ," ಅಂದಳು. ಹಾಗೆ ಕರೆದು ನಲವತ್ತು ವರ್ಷವಾಗಿತ್ತು. "ಯಾವಾಗ ಬದಲಾಯಿಸ್ದೆ? ಒಂದ್ ಮಾತು ಹೇಳ್ಬಾರ್ದಾ, ಪೆದ್ದು ಮುದುಕ!"

ಅಪ್ಪ ನನ್ನ ಮುಖ ನೋಡಿದ. ಎಂದೂ ಸುಳ್ಳಾಡದ ಮನುಷ್ಯ.

"ಹೇಳೋಣ ಅಂತಿದ್ದೆ ಕಣೇ," ಅಂದ.

ಅಮ್ಮ ತಾನೇ ಎದ್ದು ಅವನಿಗೆ ಚಹಾ ಮಾಡಿದಳು. "ಇವತ್ತೊಂದಿನ ಸಕ್ಕರೆ ಹಾಕ್ತೀನಿ, ಡಾಕ್ಟ್ರು ಬಂದ್ರೆ ನಾನ್ ಮಾತಾಡ್ತೀನಿ ಬಿಡು," ಅಂದಳು. ನನಗೆ ನಿನ್ನೆಯ ಪತ್ರ ನೆನಪಾಯಿತು. ಫೋನ್ ಹಿಡಿದು ಅಡುಗೆಮನೆಗೆ ಓಡಿದೆ. ದಯವಿಟ್ಟು ಏನೂ ಬದಲಾಯಿಸಬೇಡಿ ಎಂದು ಬರೆಯಲು ಹೊರಟರೆ ಅವರ ಉತ್ತರ ಆಗಲೇ ಬಂದಿತ್ತು: ವಂದನೆಗಳು, ಸರಿಪಡಿಸಿದ್ದೇವೆ.

"ಇನ್ನೊಂದ್ಸಲ ನೋಡೋಣ ಬಾ," ಎಂದು ಅಮ್ಮ ಅಪ್ಪನನ್ನು ಕರೆಯುವುದು ಕೇಳಿಸಿತು. ನಾನು ಬಾಗಿಲಿಗೆ ಬರುವಷ್ಟರಲ್ಲಿ ಅವಳ ಬೆರಳು ಒಂದೊಂದೇ ಚಿತ್ರ ಸರಿಸುತ್ತಿತ್ತು. ಅಂಗಳ. ರಾಕೆಟ್. ಕೊನೆಗೆ ಕಪ್ಪು ಆಕಾಶ. ಮುಂದೆ ಏನಾದರೂ ಇದೆಯೇನೋ ಎಂದು ಇನ್ನೂ ಎರಡು ಸಲ ಬೆರಳಾಡಿಸಿದಳು.

"ಮತ್ತೆ ಕಳಿಸ್ಬಿಟ್ಯಲ್ಲ," ಅಂದಳು ಅಪ್ಪನಿಗೆ.

ಪತ್ರ ಬರೆದವಳು ನಾನು ಎಂದು ಅಪ್ಪ ಹೇಳಲಿಲ್ಲ. ನಾನೂ ಹೇಳಲಿಲ್ಲ.