ಬೆಳಕಿಗೆ ಕೈ ಮುಗಿಯುವವಳು

ತೊಂಬತ್ಮೂರರ ಮಾತು. ಸೈಕಲ್ ಶಾಪಿನ ಪೀರ್‌ಸಾಬ್‌ನ ಕ್ಯಾಮೆರಾಕ್ಕೆ ಕತ್ತಲು ಕಂಡರೆ ತಾನೇ ಫ್ಲ್ಯಾಶ್ ಹಾಕಿಕೊಳ್ಳುವ ಚಾಳಿ. ಬಟನ್ ಒತ್ತಿದರೆ ಮೊದಲು ಸಣ್ಣ ಬೆಳಕು ಮಿಣುಕುತ್ತಿತ್ತು, ಆಮೇಲೆ ದೊಡ್ಡದು ಬೀಳುತ್ತಿತ್ತು. ಫೋಟೋದಲ್ಲಿ ಕಣ್ಣು ಕೆಂಪಾಗಬಾರದು ಅಂತ ಹಾಗೆ ಮಾಡಿದ್ದಾರಂತೆ. ಮಾಡಿದವರಿಗೆ ನಮ್ಮವ್ವ ಜಂಬಮ್ಮ ಗೊತ್ತಿರಲಿಲ್ಲ.

ಮಸ್ಕಿಯ ನಮ್ಮ ಮನೆಯಲ್ಲಿ ಸಂಜೆ ಕರೆಂಟ್ ಬಂದರೆ ಎಲ್ಲರೂ ಕಣ್ಣು ಮುಚ್ಚಿ ಕೈ ಮುಗಿಯುತ್ತೇವೆ. ಬಲ್ಬಾದರೇನು, ಅದೂ ದೀಪವೇ. ತಂಗಿ ಬಸವಣ್ಣೆಮ್ಮನ ಮದುವೆಯಲ್ಲಿ ನಾನು ತೆಗೆದ ಫೋಟೋಗಳು ಸಿಂಧನೂರಿನಿಂದ ತೊಳೆದು ಬಂದಾಗ ನೋಡಿದರೆ, ಎಲ್ಲದರಲ್ಲೂ ಅವ್ವ ಕಣ್ಣು ಮುಚ್ಚಿ ಕೈ ಮುಗಿದಿದ್ದಾಳೆ! ಸಣ್ಣ ಬೆಳಕಿಗೇ ಕೈ ಎದ್ದಿದ್ದವು. ನಾನು ಹೊಟ್ಟೆ ಹುಣ್ಣಾಗುವಂತೆ ನಕ್ಕೆ.

ಲಿಂಗಸುಗೂರಿನಿಂದ ತವರಿಗೆ ಬಂದಿದ್ದ ತಂಗಿ ನಗಲಿಲ್ಲ.

"ಒಂದ್ರಾಗಾದ್ರೂ ನನ್ನ ನೋಡ್ಯಾಳೇನಣ್ಣ? ಲಗ್ನ ಗೊತ್ತಾದಾಗಿಂದ ನನ್ನ ಮಾರಿ ನೋಡಿಲ್ಲ ಅವ್ವ. ಬಸ್ ಹತ್ತಿಸುವಾಗೂ ಟ್ರಂಕಿನ ಕಡೀನೇ ನೋಡಿ ಮಾತಾಡಿದ್ಲು. ನಾ ಹೋಗಿದ್ದು ಆಕಿಗೆ ಹಗುರಾತೇನು?"

ಅವ್ವ ಅಳುವವಳಲ್ಲ. ಕಣ್ಣು ತುಂಬಿ ಬಂತೆಂದರೆ ಮೊರ ಹಿಡಿದು ಅಕ್ಕಿ ಆರಿಸುತ್ತ ಕೂಡುವವಳು. ತಂಗಿಯ ಮಾತಿಗೆ ನನಗೆ ಅವ್ವನ ಮೇಲೆ ಸಿಟ್ಟು ಬಂತು.

ತಂಗಿ ಹೊರಡುವ ದಿನ ಪೀರ್‌ಸಾಬ್‌ನನ್ನು ಕಾಡಿ ಮತ್ತೆ ಕ್ಯಾಮೆರಾ ತಂದೆ. ಬಿಸಿಲಲ್ಲಿ ಫ್ಲ್ಯಾಶ್ ಬೀಳುವುದಿಲ್ಲ, ಅಂಗಳಕ್ಕೆ ಬಾ ಅಂದರೆ, ಓಣಿಯವರೆಲ್ಲ ನೋಡುತ್ತಾರೆಂದು ಅವ್ವ ಒಪ್ಪಲಿಲ್ಲ. ಪಡಸಾಲೆಯಲ್ಲೇ ಇಬ್ಬರನ್ನೂ ಕೂಡಿಸಿದೆ.

"ಅವ್ವ, ಈ ಸಲ ಕೈ ಮುಗಿಬ್ಯಾಡ."

"ನಾ ಎಲ್ಲಿ ಮುಗಿತೀನೋ? ಬೆಳಕು ಬಂದ್ರ ಅವು ತಾವಾ ಏಳ್ತಾವ."

"ಹಂಗಾರ ಆಕಿ ಕೈ ನೀ ಹಿಡಕೋ," ಅಂದೆ ತಂಗಿಗೆ.

ಅವಳು ಅವ್ವನ ಎರಡೂ ಕೈಗಳನ್ನು ತನ್ನ ಕೈಯೊಳಗೆ ಗಟ್ಟಿಯಾಗಿ ಹಿಡಿದಳು. ನಾನು ಬಟನ್ ಒತ್ತಿದೆ.

ತೊಳೆಸಿದ ಫೋಟೋವನ್ನು ನಾನೇ ಲಿಂಗಸುಗೂರಿಗೆ ಒಯ್ದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ನೋಡಿದೆ. ಕೈ ಎತ್ತಲಾಗದ ಅವ್ವ, ತನ್ನನ್ನು ಹಿಡಿದವಳ ಕಡೆ ತಿರುಗಿದ್ದಳು. ಕಣ್ಣು ಪೂರ್ತಿ ತೆರೆದಿದ್ದವು, ತುಂಬಿದ್ದವು. ತಂಗಿಯೂ ಅದೇ ಮನೆಯ ಮಗಳಲ್ಲವೇ? ಸಣ್ಣ ಬೆಳಕಿಗೇ ಅವ್ವನ ಕೈಗಳ ಸಮೇತ ಕೈ ಮುಗಿದು, ಕಣ್ಣು ಮುಚ್ಚಿದ್ದಳು.

ಬಸವಣ್ಣೆಮ್ಮ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ನಾ ನೋಡದಾಗ ಹಿಂಗ ನೋಡ್ತಾಳೇನಣ್ಣ ಅವ್ವ?"

"ಹೂಂ," ಅಂದೆ.