ಹಿಟ್ಟಿನ ಡಬ್ಬಿಯೊಳಗಿನ ಪಾಠ

ಕಿಟಕಿಯಿಂದ ನೀಲಾಂಬಿಕಾ ಕಂಡದ್ದೇ ತಡ, ದೇವಕ್ಕ ರೇಡಿಯೊವನ್ನು ಜೋಳದ ಹಿಟ್ಟಿನ ಡಬ್ಬಿಗೆ ತುರುಕಿ ಮುಚ್ಚಳ ಒತ್ತಿದಳು. ಸೆರಗಿಗೆ ಕೈ ಒರೆಸಿಕೊಂಡು ಬಾಗಿಲನ್ನು ಅರ್ಧ ಮಾತ್ರ ತೆರೆದಳು.

ಜಿಗಣಿಯ ಆ ವಠಾರದ ಹೆಂಗಸರಿಗೆ ರೇಡಿಯೊ ಹಂಚಿದ್ದು ಇದೇ ನೀಲಾಂಬಿಕಾ. ಅವಳು ಕೆಲಸ ಮಾಡುತ್ತಿದ್ದ, ಹತ್ತಿರದಲ್ಲಿ ಹೊಸದಾಗಿ ಶುರುವಾದ ಸಣ್ಣ ರೇಡಿಯೊ ಕೇಂದ್ರ ಮಧ್ಯಾಹ್ನ ಮೂರಕ್ಕೆ ಎಸ್ಸೆಸ್ಸೆಲ್ಸಿ ಪಾಠ ಹೇಳುತ್ತಿತ್ತು. ಗಣಿತದಲ್ಲಿ ಫೇಲಾಗಿ ಫ್ಯಾಕ್ಟರಿ ಸೇರಿದ್ದ ದೇವಕ್ಕನ ಸೊಸೆ ಸುಮಂಗಲಾ ಬೆಳಗಿನ ಶಿಫ್ಟ್ ಮುಗಿಸಿ ಓಡಿ ಬರುತ್ತಿದ್ದಳು. ಈ ಸಲ ಪಾಸಾದರೆ ಪ್ಯಾಕಿಂಗ್ ಬಿಟ್ಟು ಸೂಪರ್‌ವೈಸರ್ ಆಗಬಹುದು. ಮನೆಯಲ್ಲಿದ್ದ ಒಂದೇ ಮೊಬೈಲು ಗಂಡ ಯಮನೂರನ ಜೇಬಿನಲ್ಲಿ ಕೆಲಸಕ್ಕೆ ಹೋಗುತ್ತಿತ್ತು. ಅವಳಿಗಿದ್ದ ಮೇಷ್ಟರೆಂದರೆ ಆ ಪೆಟ್ಟಿಗೆಯೊಂದೇ.

"ಅಮ್ಮಾ, ರೇಡಿಯೊ ಕೊಡಿ. ದುಡ್ಡು ಕೊಟ್ಟಿರೋ ಕಂಪನಿಯವರು ನೋಡಕ್ಕೆ ಬರ್ತಿದಾರೆ, ಎಲ್ಲಾ ಸೆಟ್ಟೂ ಟೇಬಲ್ ಮೇಲೆ ಜೋಡಿಸಿಡ್ಬೇಕಂತೆ. ಎರಡೇ ದಿನ."

"ಎರಡೇ ದಿನ ಅಂತೀರಿ. ಆಮ್ಯಾಲ?"

"ವಾಪಸ್ ಕೊಡ್ತಾರೆ ಅಂದ್ಕೊಂಡಿದೀನಿ."

ಹಾಲಿನಲ್ಲಿ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ದೇವಕ್ಕನ ಬಾಯಿ ಸುಟ್ಟದ್ದು ಹತ್ತು ವರ್ಷದ ಹುಡುಗಿಯಾಗಿದ್ದಾಗ. ದೇವದುರ್ಗದ ಕಡೆಯ ಅವಳ ಊರಿನ ಶಾಲೆಗೆ ಸರ್ಕಾರದವರು ಟಿವಿ ತಂದಿಟ್ಟಿದ್ದರು. ಪಾಠ ಆಕಾಶದಿಂದ ಬರುತ್ತದೆ ಎಂದಿದ್ದರು. ಊರಿನ ಹೆಂಗಸರು ಪೆಟ್ಟಿಗೆಗೆ ಕುಂಕುಮ ಹಚ್ಚಿ, ಅದರೊಳಗಿನ ಗಂಡಸು ನೋಡಿಯಾನೆಂದು ತಲೆ ತುಂಬ ಸೆರಗು ಹೊದ್ದು ಕೂರುತ್ತಿದ್ದರು. ಒಂದು ದಿನ ಟಿವಿಯ ಟೀಚರ್ ಗಾಜಿನ ಲೋಟದಲ್ಲಿ ಅವರೆಕಾಳು ಇಟ್ಟು, ಏನಾಗುತ್ತದೆಂದು ನಾಳೆ ನೋಡೋಣ ಎಂದರು. ಬೆಳಗಾದರೆ ಜೀಪು ಬಂತು. ರಿಪೇರಿ ಮಾಡಿ ತರುತ್ತೇವೆಂದು ಪೆಟ್ಟಿಗೆ ಒಯ್ದವರು ಮತ್ತೆ ಬರಲೇ ಇಲ್ಲ. ದೇವಕ್ಕ ಶಾಲೆಗೆ ಹೋದದ್ದೂ ಅಷ್ಟಕ್ಕೇ ಮುಗಿಯಿತು. ಪೆಟ್ಟಿಗೆ ಇಲ್ಲದ ಮೇಲೆ ಹುಡುಗಿಗೇನು ಕೆಲಸ ಅಲ್ಲಿ ಎಂದು ಅಪ್ಪ ಹೊಲಕ್ಕೆ ಕರೆದೊಯ್ದಿದ್ದ. ಆ ಸಿಟ್ಟು ಅವಳಿಗಿನ್ನೂ ಆರಿರಲಿಲ್ಲ.

"ರೇಡಿಯೊ ಕಳುವಾತು," ಎಂದಳು.

ಅದೇ ಹೊತ್ತಿಗೆ ಫ್ಯಾಕ್ಟರಿಯ ಐಡಿ ಕಾರ್ಡು ಕೊರಳಲ್ಲೇ ಇದ್ದ ಸುಮಂಗಲಾ ಏದುಸಿರು ಬಿಡುತ್ತ ಬಂದಳು. ಅತ್ತೆಯ ಮಾತು ಕೇಳಿ ಗೋಡೆಯ ಗೂಡಿನತ್ತ ನೋಡಿದಳು. ಗೂಡು ಖಾಲಿ.

"ಯಾವಾಗ್ರಿ ಅತ್ತಿ? ಮುಂಜಾನಿ ಇತ್ತಲ್ಲ. ಪರೀಕ್ಷಿ ಹತ್ರ ಬಂದೈತಿ, ಇನ್ನ ನಾ ಏನ್ ಓದ್ಲಿ?" ಅವಳ ಕಣ್ಣು ತುಂಬಿತು.

ನೀಲಾಂಬಿಕಾ ಒಬ್ಬರ ಮುಖವಾದ ಮೇಲೆ ಇನ್ನೊಬ್ಬರ ಮುಖ ನೋಡಿದಳು. ಅವಳಿಗೆ ಅನುಮಾನ ಬಂದಿತ್ತು.

"ನಿಜವಾಗ್ಲೂ ಕಳೆದೋಯ್ತಾ ಅಮ್ಮಾ?"

"ಸುಳ್ಳು ಹೇಳಾಕ ನನಗೇನ್ ಬಂದೈತಿ?"

ಅಷ್ಟರಲ್ಲಿ ಒಲೆಯ ಪಕ್ಕದಿಂದ ಹೆಣ್ಣುದನಿಯೊಂದು, ಕಂಬಳಿಯೊಳಗಿನಿಂದ ಬಂದಂತೆ, ಮಾತಾಡತೊಡಗಿತು. "ನಮಸ್ಕಾರ, ನಾನು ಶೈಲಜಾ ಟೀಚರ್. ನಿನ್ನೆ ಬಿಟ್ಟಲ್ಲಿಂದಲೇ ಇವತ್ತು ಶುರು ಮಾಡೋಣ."

ಡಬ್ಬಿಗೆ ತುರುಕುವ ಗಡಿಬಿಡಿಯಲ್ಲಿ ರೇಡಿಯೊದ ಗುಂಡಿ ತಿರುಗಿತ್ತು. ಅಲ್ಲಿಯವರೆಗೆ ಮೌನವಾಗಿದ್ದ ಕೇಂದ್ರ, ಮೂರು ಗಂಟೆಯಾಗುತ್ತಲೇ ಪಾಠ ಶುರು ಮಾಡಿತ್ತು. ದೇವಕ್ಕ ಎರಡೇ ಹೆಜ್ಜೆಯಲ್ಲಿ ಹೋಗಿ ಡಬ್ಬಿಗೆ ಅಡ್ಡ ನಿಂತಳು.

"ನಮ್ಮೂರಾಗೂ ಹಿಂಗ ಹೇಳಿ ಒಯ್ದರು," ಎಂದಳು. "ಆ ಕಾಳು ಏನಾತಂತ ಯಾರೂ ಬಂದು ಹೇಳಲಿಲ್ಲ."

ಯಾವ ಕಾಳೆಂದು ನೀಲಾಂಬಿಕಾಗೆ ತಿಳಿಯಲಿಲ್ಲ. ಆದರೂ ಅವಳು ಕೇಳಲಿಲ್ಲ. ಡಬ್ಬಿಯನ್ನೇ ನೋಡುತ್ತಿದ್ದ ಸುಮಂಗಲಾಳನ್ನು ನೋಡಿ, ಕೈಚೀಲವನ್ನು ಹೆಗಲಿಗೆ ಏರಿಸಿಕೊಂಡಳು.

"ಕಳುವಾಯ್ತು ಅಂತಾನೇ ಹೇಳ್ತೀನಿ ಅಮ್ಮಾ. ಆದ್ರೆ ಸೌಂಡ್ ಸ್ವಲ್ಪ ಕಮ್ಮಿ ಇಡಿ."

ಆ ಮಾತನ್ನೂ ದೇವಕ್ಕ ನಂಬಲಿಲ್ಲ. ನೀಲಾಂಬಿಕಾ ಬೀದಿಯ ತಿರುವು ದಾಟುವವರೆಗೂ ಕಿಟಕಿಯಲ್ಲೇ ನಿಂತು ನೋಡಿದಳು. ಆಮೇಲೆ ಬಾಗಿಲಿಗೆ ಚಿಲಕ ಹಾಕಿ, ಡಬ್ಬಿಯ ಮುಚ್ಚಳವನ್ನು ಎರಡು ಬೆರಳಷ್ಟು ಸರಿಸಿ, ಸೊಸೆಯ ಪಕ್ಕದಲ್ಲಿ ತಲೆ ತುಂಬ ಸೆರಗು ಹೊದ್ದು ಕೂತಳು.